ನಾಲ್ಕು ದಿನದ ರೋಮ್

ಮಗನೋ ಮಗಳೋ ಜರ್ಮನಿಯಲ್ಲಿ, ನೆದರ್ಲೆಂಡ್ಸಿನಲ್ಲಿ ಕೆಲಸದಲ್ಲಿರುತ್ತಾರೆ. ಅವರನ್ನು ನೋಡಲು ಹೋದ ತಂದೆ ತಾಯಿ, "ಇಷ್ಟು ದೂರ ಬಂದಾಯಿತಲ್ಲ, ನಡುವೆ ನಾಲ್ಕು ದಿನ ಎಲ್ಲಾದರೂ ಸುತ್ತಾಡಿ ಬರೋಣ" ಅನ್ನುತ್ತಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ನಡೆಯುವ ಮಾತು ಇದು. ವರ್ಷಗಟ್ಟಲೆ ಹಣ ಕೂಡಿಟ್ಟು ನೇರವಾಗಿ ಇಲ್ಲಿಂದಲೇ ಹೊರಡುವವರೂ ಇದ್ದಾರೆ. ಆ ನಾಲ್ಕು ದಿನಕ್ಕೆ ರೋಮ್ ನಗರವನ್ನು ಆರಿಸಿಕೊಂಡವರಿಗೆ ಏನು ನೋಡಬೇಕು ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದನ್ನು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ಮೊದಲು ಒಂದು ವಿನಂತಿ. ನಾಲ್ಕು ದಿನ ಇದ್ದರೆ ನಾಲ್ಕನ್ನೂ ರೋಮಿಗೇ ಕೊಡಿ. ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ನೇಪಲ್ಸಿಗೆ ಒಂದೂಕಾಲು ಗಂಟೆ. ಇಷ್ಟು ಹತ್ತಿರ ಅಂದಮೇಲೆ ಆಸೆ ಹುಟ್ಟುತ್ತದೆ. ಒಂದು ದಿನ ಫ್ಲಾರೆನ್ಸ್, ಒಂದು ದಿನ ಪಾಂಪೇ, ಉಳಿದ ಎರಡು ದಿನ ರೋಮ್ ಎಂದು ಹಂಚಿಬಿಡುತ್ತೇವೆ. ಆಮೇಲೆ ಯಾವ ಊರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ರೈಲು ನಿಲ್ದಾಣಗಳು, ಸರತಿ ಸಾಲುಗಳು, ಸುಸ್ತು, ಇಷ್ಟೇ ನೆನಪಾಗಿ ಉಳಿಯುತ್ತವೆ. ಬೇರೆ ಊರುಗಳ ಬಗ್ಗೆ ಏನಾದರೂ ಹೇಳಿ, ರೋಮ್ ಮಾತ್ರ ಅವಸರದವರಿಗೆ ಒಲಿಯುವ ಊರಲ್ಲ. ಅದಕ್ಕೆ ಕಾರಣ ಆ ನೆಲದಲ್ಲೇ ಇದೆ.

ನಮ್ಮ ಹಂಪಿಯನ್ನು ನೆನೆಸಿಕೊಳ್ಳಿ. 1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಜನ ಬಿಟ್ಟುಹೋದ ಕಾರಣ ಅಂಗಡಿ ಸಾಲು, ಆನೆ ಲಾಯ, ಪುಷ್ಕರಣಿ ಎಲ್ಲವೂ ಬಿಡಿಬಿಡಿಯಾಗಿ ಬಯಲಿನಲ್ಲಿ ನಿಂತಿವೆ. ನಡೆದು ಹೋದರೆ ಒಂದೊಂದಾಗಿ ಕಾಣುತ್ತವೆ. ರೋಮಿನಲ್ಲಿ ಹಾಗಲ್ಲ, ಅಲ್ಲಿಂದ ಜನ ಪೂರ್ತಿ ಬಿಟ್ಟುಹೋದದ್ದೇ ಇಲ್ಲ. ಸಾಮ್ರಾಜ್ಯ ಕುಸಿದು, ಹತ್ತು ಲಕ್ಷದಷ್ಟಿದ್ದ ಜನಸಂಖ್ಯೆ ಕೆಲವು ಹತ್ತು ಸಾವಿರಕ್ಕೆ ಇಳಿದಾಗಲೂ ಯಾರೋ ಅಲ್ಲಿ ಬಾಳುತ್ತಿದ್ದರು. ಹಳೆಯ ಗೋಡೆಗೆ ಹೊಸ ಗೋಡೆ ಆನಿಸುತ್ತಿದ್ದರು, ಹಳೆಯ ಕಂಬ ಕಿತ್ತು ಹೊಸ ಚರ್ಚಿಗೆ ನೆಡುತ್ತಿದ್ದರು. ಟೈಬರ್ ನದಿ ಉಕ್ಕಿದಾಗಲೆಲ್ಲ ಮೆಕ್ಕಲು ಬಂದು ಕೂತು ನೆಲ ಏರಿತು. ಹೀಗೆ ಎರಡು ಸಾವಿರ ವರ್ಷಗಳ ಊರು ಒಂದರ ಮೇಲೊಂದು ಕೂತಿದೆ. ಮೇಲಿನದನ್ನಷ್ಟೇ ನೋಡಿ ಬಂದರೆ ಅರ್ಧವನ್ನೂ ನೋಡಿದಂತಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಮೊದಲ ಬೆಳಿಗ್ಗೆಯೇ ಕೊಲೊಸಿಯಮ್ಮಿಗೆ ಓಡಬೇಡಿ. ಅದರ ಹಿಂದೆ ಕೆಲವೇ ನಿಮಿಷದ ನಡಿಗೆಯಲ್ಲಿ ಸಾನ್ ಕ್ಲೆಮೆಂತೆ ಎಂಬ ಚರ್ಚಿದೆ, ಅಲ್ಲಿಂದ ಆರಂಭಿಸಿ. ಬೀದಿಯಿಂದ ನೋಡಿದರೆ ದೊಡ್ಡದೇನೂ ಅನ್ನಿಸದು. ಒಳಗೆ ಹೋದರೆ 12ನೆಯ ಶತಮಾನದ ದೇಗುಲ, ಗರ್ಭಗುಡಿಯ ಕಮಾನಿನ ತುಂಬ ಹೊಂಬಣ್ಣದ ಮೊಸಾಯಿಕ್. ಶಿಲುಬೆಯ ಬುಡದಿಂದ ಒಂದು ಬಳ್ಳಿ ಹೊರಟು, ಸುರುಳಿ ಸುರುಳಿಯಾಗಿ ಇಡೀ ಕಮಾನನ್ನು ಆವರಿಸಿದೆ. ಸುರುಳಿಗಳ ನಡುವೆ ಹಕ್ಕಿಗಳು, ಜಿಂಕೆಗಳು, ದನ ಕಾಯುವವರು, ಕೋಳಿಗೆ ಕಾಳು ಹಾಕುವ ಹೆಂಗಸು. ಅದನ್ನು ನೋಡುವುದಕ್ಕೇ ಅರ್ಧ ಗಂಟೆ ಬೇಕು.

ನಂತರ ಟಿಕೆಟ್ ತೆಗೆದುಕೊಂಡು ಪಕ್ಕದ ಮೆಟ್ಟಿಲಿಳಿದರೆ ಇನ್ನೊಂದು ಚರ್ಚು. ಇದು ನಾಲ್ಕನೆಯ ಶತಮಾನದ್ದು. ಸುಮಾರು 1100ರ ಹೊತ್ತಿಗೆ ಇದಕ್ಕೆ ಮಣ್ಣು ತುಂಬಿ, ಅದರ ಮೇಲೆಯೇ ಈಗಿನ ಚರ್ಚನ್ನು ಕಟ್ಟಿದರು. ಕೆಳಗೊಂದು ಚರ್ಚಿದೆ ಅನ್ನುವುದೇ ಜನರಿಗೆ ಮರೆತುಹೋಯಿತು. ಅಲ್ಲಿನ ಮಠ ಐರ್ಲೆಂಡಿನ ಡೊಮಿನಿಕನ್ ಪಾದ್ರಿಗಳ ವಶದಲ್ಲಿದೆ. ಅವರಲ್ಲಿ ಜೋಸೆಫ್ ಮುಲೂಲಿ ಎಂಬವರು 1857ರಲ್ಲಿ ಅಗೆಯಲು ಆರಂಭಿಸಿದಾಗ ಇದು ಮತ್ತೆ ಬೆಳಕಿಗೆ ಬಂತು. ಗೋಡೆಯಲ್ಲಿ 11ನೆಯ ಶತಮಾನದ ಕೊನೆಯ ಒಂದು ಚಿತ್ರವಿದೆ. ಸಿಸಿನ್ನಿಯಸ್ ಎಂಬ ಸಿರಿವಂತ, ಸಂತ ಕ್ಲೆಮೆಂಟನನ್ನು ಹಿಡಿದು ಎಳೆದುಕೊಂಡು ಹೋಗಿ ಎಂದು ಆಳುಗಳಿಗೆ ಅಪ್ಪಣೆ ಮಾಡುತ್ತಾನೆ. ದೈವ ಆಳುಗಳ ಕಣ್ಣು ಕಟ್ಟಿದೆ, ಅವರು ಸಂತನೆಂದುಕೊಂಡು ಒಂದು ಕಲ್ಲು ಕಂಬಕ್ಕೆ ಹಗ್ಗ ಕಟ್ಟಿ ಜಗ್ಗುತ್ತಿದ್ದಾರೆ. ಯಜಮಾನ ಬಾಯಿಗೆ ಬಂದಂತೆ ಬಯ್ಯುತ್ತಾನೆ. ಆ ಬೈಗುಳವನ್ನು ಚಿತ್ರದ ಪಕ್ಕದಲ್ಲೇ ಬರೆದಿದ್ದಾರೆ, ಅದೂ ಲ್ಯಾಟಿನ್ನಿನಲ್ಲಿ ಅಲ್ಲ, ಅಂದಿನ ಬೀದಿಯ ಜನರ ಆಡುಮಾತಿನಲ್ಲಿ. ಸಂತ ಮಾತ್ರ ಲ್ಯಾಟಿನ್ನಿನಲ್ಲೇ ನುಡಿಯುತ್ತಾನೆ. ಇಟಲಿಯ ಆಡುನುಡಿ ಬರಹಕ್ಕಿಳಿದ ತೀರ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಹಲ್ಮಿಡಿ, ಬಾದಾಮಿಯ ಶಾಸನಗಳ ಮೇಲೆ ಪ್ರೀತಿಯಿರುವ ಕನ್ನಡಿಗರು ಈ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಇನ್ನೂ ಕೆಳಕ್ಕೆ ಇಳಿಯಿರಿ. ಈಗ ನೀವಿರುವುದು ಒಂದನೆಯ ಶತಮಾನದ ರೋಮಿನ ಒಂದು ಓಣಿಯಲ್ಲಿ. ಇಬ್ಬದಿಗೂ ಗೋಡೆ. ಒಂದು ಬದಿಯ ಕೋಣೆಯಲ್ಲಿ ಮಿತ್ರ ದೇವತೆಯ ಗುಡಿ. ಗುಹೆಯಂತೆ ಬಾಗಿದ ಚಾವಣಿ, ಇಕ್ಕೆಲದಲ್ಲಿ ಭಕ್ತರು ಒರಗಿ ಕೂರುವ ಕಲ್ಲು ಜಗಲಿ, ನಡುವೆ ಗೂಳಿಯನ್ನು ಕೊಲ್ಲುತ್ತಿರುವ ಮಿತ್ರನನ್ನು ಕೆತ್ತಿದ ಪೀಠ. ಆ ಆಳದಲ್ಲಿ ನೀರು ಹರಿಯುವ ಸದ್ದು ಕೇಳುತ್ತದೆ. ಅದು ಪುರಾತನ ರೋಮಿನ ಕಾಲುವೆ, ಇವತ್ತಿಗೂ ಹರಿಯುತ್ತಿದೆ.

ಒಂದು ಬೆಳಿಗ್ಗೆ, ಒಂದೇ ಕಟ್ಟಡ, ಮೂರು ಯುಗ. ಇದನ್ನು ನೋಡಿ ಹೊರಬಂದಮೇಲೆ ಊರಿನಲ್ಲಿ ಎಲ್ಲಿ ನಿಂತರೂ ಕಾಲ ಕೆಳಗೆ ಏನಿದೆಯೋ ಅಂತ ಕೇಳಿಕೊಳ್ಳುವ ಅಭ್ಯಾಸ ತಾನಾಗಿ ಬರುತ್ತದೆ. ಉಳಿದ ಮೂರೂವರೆ ದಿನಕ್ಕೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇಡ. ಒಂದು ಎಚ್ಚರಿಕೆ ಮಾತ್ರ: ರೋಮಿನ ಬಹಳಷ್ಟು ಚರ್ಚುಗಳು ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ತೆರೆಯುತ್ತವೆ. ಸಾನ್ ಕ್ಲೆಮೆಂತೆಯೂ ಹಾಗೆಯೇ. ಆದ್ದರಿಂದ ಚರ್ಚುಗಳಿಗೆ ಬೆಳಿಗ್ಗೆ ಅಥವಾ ಸಂಜೆ, ಬಯಲು ಅವಶೇಷಗಳಿಗೆ ಮಿಕ್ಕ ಹೊತ್ತು ಎಂದು ಇಟ್ಟುಕೊಳ್ಳಿ.

ಊಟ ಮುಗಿಸಿ ಮಧ್ಯಾಹ್ನ ಕೊಲೊಸಿಯಂ. ಇದರ ಟಿಕೆಟ್ಟನ್ನು ಊರಿನಲ್ಲೇ ಕೂತು, ಅಧಿಕೃತ ಜಾಲತಾಣದಲ್ಲೇ ಕಾದಿರಿಸಬೇಕು. ಸುಮಾರು ಒಂದು ತಿಂಗಳ ಮುಂಚೆ ಬಿಡುಗಡೆ ಮಾಡುತ್ತಾರೆ. ಒಳಹೋಗುವ ಗಂಟೆಯನ್ನೂ ಆಗಲೇ ಆರಿಸಬೇಕು. ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಇರಬೇಕು, ಬಾಗಿಲಲ್ಲಿ ನೋಡುತ್ತಾರೆ. ನಮ್ಮಲ್ಲಿ ಇನಿಷಿಯಲ್ಲು ಬಿಡಿಸಿ ಬರೆದ ಹೆಸರು, ಬಿಡಿಸದ ಹೆಸರು ಎಂಬ ಗೊಂದಲ ಇದ್ದೇ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅದೇ ಟಿಕೆಟ್ಟಿನಲ್ಲಿ ಪಕ್ಕದ ಫೋರಂ ಮತ್ತು ಪ್ಯಾಲಟೈನ್ ಬೆಟ್ಟವೂ ಸೇರಿರುತ್ತದೆ. ಫೋರಂ ಮುಚ್ಚುವ ಹೊತ್ತು ಸೂರ್ಯಾಸ್ತಕ್ಕೆ ತಕ್ಕಂತೆ ಬದಲಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕಳುಹಿಸಿಬಿಡುತ್ತಾರೆ, ಬೇಸಿಗೆಯಲ್ಲಿ ಏಳು ದಾಟಿದರೂ ಇರಬಹುದು.

ಕೊಲೊಸಿಯಮ್ಮನ್ನು ಚಕ್ರವರ್ತಿ ವೆಸ್ಪಾಸಿಯನ್ ಕಟ್ಟಲು ಹಿಡಿದ, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ಸುಮಾರು 50,000 ಜನ ಕೂರುವ ಕಟ್ಟಡ. ಮನುಷ್ಯರೂ ಮೃಗಗಳೂ ಜನರ ಮೋಜಿಗಾಗಿ ಸತ್ತ ಜಾಗ ಅದು ಎಂಬ ಅರಿವು ಒಳಗೆ ಕಾಲಿಟ್ಟಾಗ ಎದೆ ಭಾರ ಮಾಡುತ್ತದೆ, ಮಾಡಬೇಕು ಕೂಡ. ಹೊರಗಿನಿಂದ ನೋಡುವಾಗ ಗೋಡೆಯ ತುಂಬ ತೂತುಗಳು ಕಾಣುತ್ತವೆ. ಕಲ್ಲು ಕಲ್ಲನ್ನು ಹಿಡಿದಿದ್ದ ಕಬ್ಬಿಣದ ಕೊಂಡಿಗಳನ್ನು ನಡುಗಾಲದ ಜನ ಕಿತ್ತುಕೊಂಡು ಹೋದ ಗುರುತು ಅವು. 1349ರ ಭೂಕಂಪದಲ್ಲಿ ದಕ್ಷಿಣದ ಕಡೆ ಕುಸಿಯಿತು. ಬಿದ್ದ ಕಲ್ಲುಗಳು ಅರಮನೆಗಳಿಗೆ, ಚರ್ಚುಗಳಿಗೆ ಹೋದವು. ಮುಂದಿನ ದಿನಗಳಲ್ಲಿ ಊರಿನ ಬೇರೆ ಕಟ್ಟಡಗಳನ್ನು ನೋಡುವಾಗ ಈ ಕಲ್ಲು ಎಲ್ಲಿಂದ ಬಂತು ಅನ್ನುವ ಪ್ರಶ್ನೆಯೂ ಜೊತೆಗಿರಲಿ.

ಇನ್ನು ಫೋರಂ. ರೋಮನ್ನರ ರಾಜಕೀಯ, ನ್ಯಾಯ, ವ್ಯಾಪಾರ, ಪೂಜೆ ಎಲ್ಲ ನಡೆದ ತಗ್ಗು ಬಯಲು. ಮೊದಲ ನೋಟಕ್ಕೆ ಮುರಿದ ಕಂಬಗಳ ರಾಶಿ. ಶತಮಾನಗಳ ಕಾಲ ಇದು ಮಣ್ಣಿನಲ್ಲಿ ಹೂತು, ಮೇಲೆ ದನಗಳು ಮೇಯುತ್ತಿದ್ದವು. ಇಲ್ಲಿ ಕನ್ನಡ ನಾಡಿನವರು ಹುಡುಕಿಕೊಂಡು ಹೋಗಿ ನೋಡಬೇಕಾದ ಒಂದು ಜಾಗವಿದೆ ಎಂದು ನನ್ನ ಭಾವನೆ. ಮೂರು ಭಾರಿ ಕಮಾನುಗಳು ಉಳಿದಿರುವ ಮ್ಯಾಕ್ಸೆಂಟಿಯಸ್ಸನ ಸಭಾಭವನವನ್ನು ಯಾರೂ ತಪ್ಪಿಸುವುದಿಲ್ಲ, ಅಷ್ಟು ದೊಡ್ಡದು. ಅದು ನಿಂತಿರುವ ನೆಲದಲ್ಲಿ ಮೊದಲು ಏನಿತ್ತು ಗೊತ್ತೇ? ಒಂದನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಕರಿಮೆಣಸಿನ ಉಗ್ರಾಣ. ನಮ್ಮ ಪಶ್ಚಿಮ ಘಟ್ಟದ ಮಳೆಗಾಡಿನಲ್ಲಿ ಬೆಳೆದ ಮೆಣಸು ಮಲಬಾರಿನ ಬಂದರುಗಳಿಂದ ಹೊರಟು, ಹಿಂಗಾರಿನ ಗಾಳಿ ಹಿಡಿದ ಹಡಗುಗಳಲ್ಲಿ ಕೆಂಪು ಸಮುದ್ರ ಸೇರಿ, ಈಜಿಪ್ಟಿನ ಮರುಭೂಮಿ ದಾಟಿ, ನೈಲ್ ನದಿಯಲ್ಲಿ ಇಳಿದು, ಕೊನೆಗೆ ಇಲ್ಲಿಗೆ ಬಂದು ಬೀಳುತ್ತಿತ್ತು.

ಬೆಲೆಯಾಗಿ ಅಲ್ಲಿಂದ ಇಲ್ಲಿಗೆ ಬಂದದ್ದು ಚಿನ್ನ, ಬೆಳ್ಳಿ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳಷ್ಟು ಹಣ ಹರಿದುಹೋಗುತ್ತಿದೆ ಎಂದು ಪ್ಲಿನಿ ಎಂಬ ರೋಮನ್ ಬರಹಗಾರ ಅಳಲುತ್ತಾನೆ. ಆ ನಾಣ್ಯಗಳು ಬರೀ ಕರಾವಳಿಯಲ್ಲಿ ನಿಲ್ಲಲಿಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಅವರ ಮುಖವಿದ್ದ ಹಣ ನಮ್ಮ ನೆಲದಲ್ಲಿ ಹೂತಿತ್ತು. ಅವರು ನಡೆದಾಡಿದ ಪ್ಯಾಲಟೈನ್ ಬೆಟ್ಟದ ಬುಡದಲ್ಲಿ ನಿಂತು ಇದನ್ನು ನೆನೆದರೆ ಆ ಮುರಿದ ಕಂಬಗಳು ಅನ್ಯರದು ಅನ್ನಿಸುವುದಿಲ್ಲ. ಮೆಣಸಿನ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಕ್ರಿ.ಶ. 408ರಲ್ಲಿ ವಿಸಿಗೋತರ ದೊರೆ ಅಲಾರಿಕ್ ರೋಮನ್ನು ಮುತ್ತಿದಾಗ, ಊರನ್ನು ಬಿಟ್ಟುಹೋಗಲು ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆ 3,000 ಪೌಂಡು ಮೆಣಸೂ ಇತ್ತು.

ಮೊದಲ ದಿನಕ್ಕೆ ಇಷ್ಟು ಸಾಕು. ಕಾಲು ನೋಯುತ್ತಿರುತ್ತದೆ. ರೋಮಿನ ಹಳೆಯ ಬೀದಿಗಳಿಗೆ ಹಾಸಿರುವುದು ಸಣ್ಣ ಸಣ್ಣ ಕಪ್ಪು ಕಲ್ಲು, ಸಮತಟ್ಟಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ಹೊಸ ಚಪ್ಪಲಿ, ತೆಳು ಅಟ್ಟೆಯ ಬೂಟು ಬೇಡವೇ ಬೇಡ ಎಂದು ಮೊದಲೇ ಹೇಳಿಬಿಡಿ. ತಿಂಗಳ ಹಿಂದಿನಿಂದಲೇ ತೊಟ್ಟು ಪಳಗಿದ ಬೂಟಿರಲಿ. ಚಕ್ರದ ಪೆಟ್ಟಿಗೆಯನ್ನು ಈ ಕಲ್ಲಿನ ಮೇಲೆ ಬಹುದೂರ ಎಳೆಯುವುದೂ ಕಷ್ಟ. ಆದ್ದರಿಂದ ಉಳಿಯುವ ಕೋಣೆ ಮೆಟ್ರೋ ನಿಲ್ದಾಣಕ್ಕೋ ಬಸ್ಸಿಗೋ ಹತ್ತಿರವಿರುವುದು ಮುಖ್ಯ. ತೆರ್ಮಿನಿ ಎಂಬ ದೊಡ್ಡ ರೈಲು ನಿಲ್ದಾಣದ ಸುತ್ತ ಬಾಡಿಗೆ ಕಡಿಮೆ, ಓಡಾಟಕ್ಕೆ ಅನುಕೂಲ. ಅಲ್ಲಿಂದ ಫೋರಂ ಕಡೆ ಇಳಿಯುವ ಮೋಂತಿ ಎಂಬ ಬಡಾವಣೆ ನನಗೆ ಹೆಚ್ಚು ಇಷ್ಟ. ಸಣ್ಣ ಬೀದಿಗಳು, ಸಂಜೆ ಚೌಕದ ಕಾರಂಜಿಯ ಸುತ್ತ ಕೂತ ಊರ ಜನ, ಕೊಲೊಸಿಯಮ್ಮಿಗೆ ನಡೆದೇ ಹೋಗಬಹುದು. ಕೋಣೆಯ ಬಾಡಿಗೆಯ ಮೇಲೆ ತಲೆಗೆ ಇಷ್ಟು ಎಂದು ನಗರದ ತೆರಿಗೆಯನ್ನು ಹೊಟೇಲಿನವರು ಬೇರೆಯಾಗಿ ಪಡೆಯುತ್ತಾರೆ, ಅದು ಲೆಕ್ಕದಲ್ಲಿರಲಿ.

ಎರಡನೆಯ ದಿನ ನದಿಯ ತಿರುವಿನೊಳಗಿನ ಹಳೆಯ ಊರು. ಇಲ್ಲಿ ವಾಹನ ಬೇಡ, ಕಾಲ್ನಡಿಗೆಯೇ. ಟ್ರೆವಿ ಕಾರಂಜಿಯನ್ನು ನೋಡುವುದಾದರೆ ಬೆಳಿಗ್ಗೆ ಏಳರ ಒಳಗೆ ಹೋಗಿ. ಹತ್ತರ ನಂತರ ನೀರಿಗಿಂತ ಜನರೇ ಹೆಚ್ಚು ಕಾಣುತ್ತಾರೆ. ನಿಕೋಲಾ ಸಾಲ್ವಿ ರೂಪಿಸಿದ ಈ ಕಾರಂಜಿ 1762ರಲ್ಲಿ ಮುಗಿಯಿತು. ಆದರೆ ಅದಕ್ಕೆ ನೀರು ತರುವ ಕಾಲುವೆ ಕ್ರಿ.ಪೂ. 19ರದು, ಆಗಸ್ಟಸ್ಸನ ಅಳಿಯ ಅಗ್ರಿಪ್ಪ ಹರಿಸಿದ್ದು. ಎರಡು ಸಾವಿರ ವರ್ಷಗಳಲ್ಲಿ ಎಷ್ಟೋ ಸಲ ದುರಸ್ತಿಯಾಗಿ ಇಂದಿಗೂ ಹರಿಯುತ್ತಿದೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಪ್ಯಾಂಥಿಯನ್. ಮುಖಮಂಟಪದ ಮೇಲೆ ಅದೇ ಅಗ್ರಿಪ್ಪನ ಹೆಸರು ದೊಡ್ಡ ಅಕ್ಷರಗಳಲ್ಲಿದೆ. ಅವನು ಕಟ್ಟಿಸಿದ್ದು ಸುಟ್ಟುಹೋಗಿತ್ತು, ಈಗಿರುವುದು ಸುಮಾರು ಕ್ರಿ.ಶ. 126ರ ಹೊತ್ತಿಗೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದದ್ದು. ಹೇಡ್ರಿಯನ್ ತನ್ನ ಹೆಸರು ಹಾಕಿಸದೆ ಹಳೆಯವನ ಹೆಸರನ್ನೇ ಉಳಿಸಿದ. ಒಳಗೆ ಹೋಗಿ ತಲೆ ಎತ್ತಿ. 43 ಮೀಟರಿಗೂ ಹೆಚ್ಚು ಅಗಲದ ಗುಮ್ಮಟ, ನೆಲದಿಂದ ತುದಿಗೂ ಅಷ್ಟೇ ಎತ್ತರ. ಒಳಗೆ ಕಬ್ಬಿಣವಿಲ್ಲದೆ ಬರೀ ಕಾಂಕ್ರೀಟಿನಲ್ಲಿ ಕಟ್ಟಿದ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ಜಗತ್ತಿನಲ್ಲಿ ದೊಡ್ಡದು. ಕೆಳಗಿನ ಸುತ್ತಿಗೆ ಭಾರದ ಜಲ್ಲಿ, ಮೇಲೆ ಹೋದಂತೆ ಹಗುರ ಜಲ್ಲಿ, ತುದಿಯಲ್ಲಿ ಜ್ವಾಲಾಮುಖಿಯ ತೂತುಗಲ್ಲು, ಹೀಗೆ ಭಾರವನ್ನು ಇಳಿಸುತ್ತ ಹೋಗಿದ್ದಾರೆ. ನಡುವೆ ಆಕಾಶಕ್ಕೆ ತೆರೆದ ದುಂಡು ಕಿಂಡಿ. ಮಳೆ ಬಂದರೆ ನೇರ ಒಳಗೇ. ನೆಲ ತುಸು ಉಬ್ಬಿದೆ, ನೀರು ಇಳಿಯಲು ಕಲ್ಲಿನಲ್ಲಿ ರಂಧ್ರಗಳಿವೆ. ಏಪ್ರಿಲ್ 21 ರೋಮ್ ನಗರ ಹುಟ್ಟಿದ ದಿನವೆಂಬ ನಂಬಿಕೆ ಇದೆ. ಅಂದು ನಡುಹಗಲಿಗೆ ಕಿಂಡಿಯ ಬಿಸಿಲು ಹೆಬ್ಬಾಗಿಲಿನ ಮೇಲೆ ಬಂದು ಬೀಳುತ್ತದೆ. ಆ ತಿಂಗಳು ಹೋಗುವವರು ಈ ದಿನವನ್ನು ಹೊಂದಿಸಿಕೊಳ್ಳಲು ನೋಡಿ. ಕ್ರಿ.ಶ. 609ರಲ್ಲಿ ಇದನ್ನು ಚರ್ಚಾಗಿ ಮಾಡಿದ್ದರಿಂದಲೇ ಇದು ಉಳಿಯಿತು. ಚಿತ್ರಕಾರ ರಾಫೆಲ್‌ನ ಸಮಾಧಿಯೂ ಒಳಗಿದೆ. ಈಗ ಪ್ರವೇಶಕ್ಕೆ ಟಿಕೆಟ್ ಇದೆ.

ಪಕ್ಕದಲ್ಲೇ ಸಾನ್ ಲುಯಿಜಿ ಚರ್ಚು, ಫ್ರೆಂಚರದು. ಅಲ್ಲಿ ಟಿಕೆಟ್ ಇಲ್ಲ. ಎಡಗಡೆಯ ಕೊನೆಯ ಸಣ್ಣ ಗುಡಿಯಲ್ಲಿ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳಿವೆ. ಸುಂಕ ವಸೂಲಿಗಾರನಾದ ಮ್ಯಾಥ್ಯೂ ಹಣ ಎಣಿಸುತ್ತ ಕೂತಿರುವಾಗ ಯೇಸು ಬಾಗಿಲಲ್ಲಿ ನಿಂತು ಕರೆಯುತ್ತಾನೆ. ಬಲದಿಂದ ಬಂದ ಬೆಳಕು ಕತ್ತಲ ಕೋಣೆಯನ್ನು ಸೀಳಿಕೊಂಡು ಹೋಗಿದೆ. ದೊಡ್ಡ ಸಂಗ್ರಹಾಲಯದಲ್ಲಿ ನೂರು ಚಿತ್ರಗಳ ನಡುವೆ ನೋಡುವುದಕ್ಕಿಂತ, ಯಾವ ಗೋಡೆಗೆಂದು ಬರೆದನೋ ಆ ಗೋಡೆಯಲ್ಲೇ ನೋಡುವುದು ಬೇರೆಯದೇ ಅನುಭವ.

ಮುಂದೆ ಪಿಯಾತ್ಸಾ ನವೋನಾ. ಉದ್ದನೆಯ ಚೌಕ, ಒಂದು ತುದಿ ದುಂಡಗಿದೆ. ಏಕೆ ಆ ಆಕಾರ? ಡೊಮಿಷಿಯನ್ ಕಟ್ಟಿಸಿದ ಓಟದ ಕ್ರೀಡಾಂಗಣದ ಮೇಲೆ, ಪ್ರೇಕ್ಷಕರು ಕೂರುತ್ತಿದ್ದ ಮೆಟ್ಟಿಲ ಸಾಲಿನ ಅಡಿಪಾಯದ ಮೇಲೆಯೇ ಈಗಿನ ಮನೆಗಳು ನಿಂತಿವೆ. ಮೊದಲ ದಿನ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಡುವೆ ಬರ್ನೀನಿಯ ನಾಲ್ಕು ನದಿಗಳ ಕಾರಂಜಿ, 1651ರದು. ನಾಲ್ಕು ಖಂಡಗಳಿಗೆ ನಾಲ್ಕು ನದಿ: ಯೂರೋಪಿಗೆ ಡಾನ್ಯೂಬ್, ಆಫ್ರಿಕಕ್ಕೆ ನೈಲ್, ಅಮೆರಿಕಕ್ಕೆ ಲಾ ಪ್ಲಾಟಾ, ಏಷ್ಯಕ್ಕೆ ನಮ್ಮ ಗಂಗೆ. ನಾವು ತಾಯಿ ಎಂದು ಕೈಮುಗಿಯುವ ಗಂಗೆಯನ್ನು ಬರ್ನೀನಿ ಗಡ್ಡದ ಗಂಡಸನ್ನಾಗಿ ಕಡೆಸಿದ್ದಾನೆ. ಕೈಯಲ್ಲಿ ಉದ್ದನೆಯ ಹುಟ್ಟು, ಆ ನದಿಯಲ್ಲಿ ದೋಣಿ ಸಾಗುತ್ತದೆಂದು ತೋರಿಸಲು. ಭಾರತವನ್ನು ಎಂದೂ ಕಾಣದ ಶಿಲ್ಪಿಯ ಕಲ್ಪನೆಯ ಗಂಗೆ ಹೀಗಿದ್ದಳು. ಕಾರಂಜಿಯ ಸುತ್ತ ಒಂದು ಸುತ್ತು ಬಂದು ಅವಳನ್ನು ಹುಡುಕುವ ಕೆಲಸ ಮಕ್ಕಳಿಗೆ ಕೊಡಿ.

ಸಂಜೆ ಲಾರ್ಗೋ ಅರ್ಜೆಂತೀನಾ ಎಂಬ ಬಸ್ಸು ಟ್ರಾಮುಗಳ ಚೌಕವನ್ನು ಹಾದು ಬನ್ನಿ. ರಸ್ತೆಗಿಂತ ತುಂಬ ತಗ್ಗಿನಲ್ಲಿ ನಾಲ್ಕು ಗುಡಿಗಳ ಅವಶೇಷ, ಅವುಗಳ ನಡುವೆ ಮಲಗಿದ ಬೆಕ್ಕುಗಳು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನನ್ನು ಇರಿದು ಕೊಂದದ್ದು ಇದರ ಅಂಚಿನಲ್ಲಿದ್ದ ಸಭಾಂಗಣದಲ್ಲಿ. 2023ರಿಂದ ಕೆಳಗೆ ಇಳಿದು ನೋಡಲು ಕಾಲುದಾರಿ ಮಾಡಿದ್ದಾರೆ.

ವ್ಯಾಟಿಕನ್ನಿಗೆ ಮೂರನೆಯ ದಿನವನ್ನು ಪೂರ್ತಿ ಇಡಿ, ಆದರೆ ವಾರ ನೋಡಿ ಇಡಿ. ಭಾನುವಾರ ಅಲ್ಲಿನ ಸಂಗ್ರಹಾಲಯಕ್ಕೆ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದಿರುತ್ತದೆ, ಆವತ್ತಿನ ನೂಕುನುಗ್ಗಲಿಗೆ ಹೋಗದಿರುವುದೇ ಒಳ್ಳೆಯದು. ಬುಧವಾರ ಬೆಳಿಗ್ಗೆ ಪೋಪ್ ಜನರಿಗೆ ದರ್ಶನ ಕೊಡುವುದರಿಂದ ಸಂತ ಪೀಟರರ ಮಹಾಮಂದಿರಕ್ಕೆ ಪ್ರವಾಸಿಗರನ್ನು ಮಧ್ಯಾಹ್ನದವರೆಗೆ ಬಿಡುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಸೀರೆ, ಸಲ್ವಾರಿಗೆ ತೊಂದರೆಯಿಲ್ಲ, ಚಡ್ಡಿ ತೊಟ್ಟ ಹುಡುಗರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಸಂಗ್ರಹಾಲಯದಲ್ಲಿ ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಸಿಸ್ಟೀನ್ ಚಾಪೆಲ್ಲಿಗೆ ಬರುವಷ್ಟರಲ್ಲಿ ಬಸವಳಿದಿರುತ್ತಾರೆ. ರಾಫೆಲ್‌ನ ಕೋಣೆಗಳು ಮತ್ತು ಸಿಸ್ಟೀನ್, ಈ ಎರಡಕ್ಕೆ ಶಕ್ತಿ ಉಳಿಸಿಕೊಳ್ಳಿ. 1508ರಿಂದ 1512ರವರೆಗೆ ಮೈಕೆಲ್ಯಾಂಜೆಲೊ ಅಟ್ಟಣಿಗೆಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ ಸಿಸ್ಟೀನಿನ ಚಾವಣಿಯನ್ನು ಚಿತ್ರಿಸಿದ. ಮಲಗಿ ಬರೆದನೆಂಬ ಮಾತು ನಿಜವಲ್ಲ. ಚಾವಣಿ ಸುಮಾರು 20 ಮೀಟರ್ ಎತ್ತರದಲ್ಲಿದೆ. ಹಕ್ಕಿ ನೋಡುವವರು ಬಳಸುವ ಸಣ್ಣ ದುರ್ಬೀನು ಜೊತೆಗಿದ್ದರೆ ಪ್ರವಾದಿಗಳ ಮುಖದ ಭಾವ, ಕೈಬೆರಳುಗಳ ಗೆರೆ ಎಲ್ಲ ಕಾಣುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು, ಕಣ್ಣಿಗೆ ಕೆಲಸ ಸಿಗುತ್ತದೆ. ಬಲಿಪೀಠದ ಹಿಂದಿನ ಗೋಡೆಯ ಅಂತಿಮ ತೀರ್ಪಿನ ಚಿತ್ರ ಅವನು ಅರವತ್ತರ ಹೊಸ್ತಿಲಲ್ಲಿ ಮರಳಿ ಬಂದು ಬರೆದದ್ದು. ಚಾವಣಿಯಲ್ಲಿ ಮನುಷ್ಯನ ಮೇಲಿದ್ದ ಭರವಸೆ ಆ ಗೋಡೆಯಲ್ಲಿ ಇಲ್ಲ. ಎರಡನ್ನೂ ಒಂದೇ ಕೋಣೆಯಲ್ಲಿ ನಿಂತು ನೋಡಬಹುದು ಅನ್ನುವುದಕ್ಕಾಗಿಯೇ ರೋಮಿಗೆ ಹೋಗಬಹುದು.

ಮಹಾಮಂದಿರಕ್ಕೆ ಪ್ರವೇಶ ಉಚಿತ, ಆದರೆ ತಪಾಸಣೆಯ ಸಾಲು ಉದ್ದ. ಒಳಗೆ ಬಲಗಡೆ ಮೊದಲಲ್ಲೇ ಮೈಕೆಲ್ಯಾಂಜೆಲೊ ಇಪ್ಪತ್ತರ ಹರೆಯದಲ್ಲಿ ಕಡೆದ ಪಿಯೆತಾ, ಸತ್ತ ಮಗನನ್ನು ಮಡಿಲಲ್ಲಿ ಹೊತ್ತ ತಾಯಿ. ಗುಮ್ಮಟದ ತುದಿಗೆ 551 ಮೆಟ್ಟಿಲು. ಲಿಫ್ಟ್ ಹಿಡಿದರೂ 320 ಉಳಿಯುತ್ತವೆ, ಕೊನೆಯವು ಕಿರಿದು, ಓರೆ. ಮಂಡಿನೋವು, ಎದೆನೋವು ಇದ್ದವರು ಕೆಳಗೇ ಇರಲಿ.

ಊಟದ ಮಾತು ಹೇಳದಿದ್ದರೆ ನಮ್ಮವರಿಗೆ ಸಮಾಧಾನವಾಗದು. ಸಸ್ಯಾಹಾರಿಗಳಿಗೆ ರೋಮ್ ಕಷ್ಟದ ಊರಲ್ಲ. ಅಗಲ ತಟ್ಟೆಯಲ್ಲಿ ಬೇಯಿಸಿ, ಕತ್ತರಿಸಿ, ತೂಕಕ್ಕೆ ಮಾರುವ ಪಿಜ್ಜಾದ ಅಂಗಡಿ ಪ್ರತಿ ಬೀದಿಯಲ್ಲೂ ಇದೆ. ಆಲೂಗಡ್ಡೆ, ಬದನೆ, ಟೊಮೇಟೊ ಹಾಕಿದ್ದನ್ನು ಬೆರಳು ತೋರಿಸಿ ಕೇಳಬಹುದು. ಮರಿನಾರಾ ಪಿಜ್ಜಾದಲ್ಲಿ ಚೀಸ್ ಕೂಡ ಇಲ್ಲ. ಹಳೆಯ ಯಹೂದಿ ಕೇರಿಯಲ್ಲಿ ಹೂವಿನಂತೆ ಅರಳಿಸಿ ಕರಿದು ಕೊಡುವ ಕಾರ್ಚೋಫಿ ಎಂಬ ತರಕಾರಿಯನ್ನು ಚಳಿಗಾಲ, ವಸಂತದಲ್ಲಿ ಹೋದವರು ತಪ್ಪಿಸಬಾರದು. ಕಾರ್ಬೊನಾರಾ, ಅಮಾತ್ರಿಚಾನಾ ಪಾಸ್ತಾಗಳಲ್ಲಿ ಹಂದಿಮಾಂಸ ಇರುತ್ತದೆ. ಸುಪ್ಲಿ ಎಂಬ ಅನ್ನದ ಕರಿದ ಉಂಡೆ ನೋಡಲು ನಮ್ಮ ಬೋಂಡದ ಹಾಗಿದ್ದರೂ ಒಳಗೆ ಸಾಮಾನ್ಯವಾಗಿ ಮಾಂಸದ ಸಾರು ಬೆರೆತಿರುತ್ತದೆ, ಕೇಳಿಯೇ ತಿನ್ನಿ. ಅಡಿಗೆ ಮಾಡಿಕೊಳ್ಳುವ ಕೋಣೆ ಹಿಡಿದವರಿಗೆ ತೆರ್ಮಿನಿಯ ಬಳಿ ಎಸ್ಕ್ವಿಲಿನೋ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಬೇಳೆ, ಮಸಾಲೆ ಸಿಗುತ್ತದೆ. ಕಾಫಿಯನ್ನು ಕೌಂಟರಿನ ಬಳಿ ನಿಂತು ಕುಡಿದರೆ ಅಗ್ಗ, ಕುರ್ಚಿ ಎಳೆದು ಕೂತರೆ ದುಬಾರಿ.

ನೀರಿಗೆ ಮಾತ್ರ ಹಣ ಕೊಡಬೇಡಿ. ನಸೋನಿ ಎಂದು ಕರೆಯುವ ಎರಕದ ಕಬ್ಬಿಣದ ಬೀದಿ ನಲ್ಲಿಗಳು ಊರಿನಲ್ಲಿ ಸುಮಾರು 2,500 ಇವೆ. 1874ರಿಂದ ಹಾಕುತ್ತ ಬಂದಿದ್ದಾರೆ. ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಹರಿಯುತ್ತಿರುತ್ತದೆ. ಬಾಟಲಿ ಜೊತೆಗಿದ್ದರೆ ಸಾಕು. ದಾರಿಹೋಕರಿಗೆಲ್ಲ ನೀರು ಕೊಡುವುದನ್ನು ಒಂದು ಊರು ತನ್ನ ಧರ್ಮವೆಂದುಕೊಂಡು ಇಷ್ಟು ಕಾಲ ನಡೆಸಿಕೊಂಡು ಬಂದಿರುವುದು ನನಗೆ ಕೊಲೊಸಿಯಮ್ಮಿಗಿಂತ ದೊಡ್ಡದಾಗಿ ಕಂಡಿದೆ.

ವೀಸಾದ ಬಗ್ಗೆ ಚುಟುಕಾಗಿ. ಬೇಕಾದದ್ದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಮಕ್ಕಳ ಮನೆಗೆ ಹೋಗಿ ನಡುವೆ ರೋಮಿಗೆ ಹೋಗುವವರು ಒಂದು ಗಮನಿಸಿ: ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶದ ವೀಸಾಕ್ಕೇ ಅರ್ಜಿ ಹಾಕಬೇಕು, ಅದರಲ್ಲೇ ಇಟಲಿಗೂ ಹೋಗಿ ಬರಬಹುದು. ಕಾಲದ ಆಯ್ಕೆಗೆ ಏಪ್ರಿಲ್, ಮೇ ಅಥವಾ ಅಕ್ಟೋಬರ್. ಜುಲೈ, ಆಗಸ್ಟಿನ ಬಿಸಿಲಿನಲ್ಲಿ ನೆರಳಿಲ್ಲದ ಫೋರಂ ಹಿರಿಯರಿಗೆ ಅಪಾಯಕಾರಿ. ಆಗಸ್ಟ್ 15ರ ಆಸುಪಾಸಿನಲ್ಲಿ ಊರ ಜನರೇ ರಜೆಗೆ ಹೋಗಿ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ಜೇಬುಗಳ್ಳರ ಹಾವಳಿ ನಿಜ, ಅದರಲ್ಲೂ ತೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೆಯ ನಂಬರಿನ ಬಸ್ಸಿನಲ್ಲಿ. ಪಾಸ್‌ಪೋರ್ಟ್ ಬಟ್ಟೆಯೊಳಗಿನ ಚೀಲದಲ್ಲಿರಲಿ.

ನಾಲ್ಕನೆಯ ದಿನ ಸಾಮಾನ್ಯವಾಗಿ ಮರಳುವ ದಿನ. ಅರ್ಧ ದಿನವಷ್ಟೇ ಕೈಯಲ್ಲಿರುತ್ತದೆ. ಅದನ್ನು ಅಂಗಡಿ ಬೀದಿಗೆ ಕೊಡದೆ ಊರಿನ ದಕ್ಷಿಣಕ್ಕೆ, ಟೆಸ್ಟಾಚ್ಚೊ ಬಡಾವಣೆಗೆ ಹೋಗಿ. ಮೆಟ್ರೋದಿಂದ ಹೊರಬರುತ್ತಿದ್ದಂತೆ ಎದುರಿಗೆ ಒಂದು ಪಿರಮಿಡ್. ಗಾಯಸ್ ಸೆಸ್ಟಿಯಸ್ ಎಂಬ ಅಧಿಕಾರಿಯ ಸಮಾಧಿ, ಎರಡು ಸಾವಿರ ವರ್ಷ ಹಳೆಯದು. ಅದರ ನೆರಳಿನಲ್ಲಿ ಕ್ಯಾಥೊಲಿಕರಲ್ಲದವರ ಸ್ಮಶಾನ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳು ಓದಿದ ಇಬ್ಬರು ಕವಿಗಳು ಅಲ್ಲಿದ್ದಾರೆ. ಕ್ಷಯಕ್ಕೆ ಬಲಿಯಾಗಿ 1821ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ ತೀರಿಕೊಂಡ ಕೀಟ್ಸ್. ಮರುವರ್ಷ ಕಡಲಲ್ಲಿ ಮುಳುಗಿದ ಷೆಲ್ಲಿ. ಕೀಟ್ಸನ ಕಲ್ಲಿನ ಮೇಲೆ ಅವನ ಹೆಸರಿಲ್ಲ, ಅವನೇ ಬೇಡವೆಂದಿದ್ದ.

ಸ್ಮಶಾನದಿಂದ ಮುಂದೆ ನಡೆದರೆ ಹುಲ್ಲು ಬೆಳೆದ ಒಂದು ಗುಡ್ಡ, ಸುಮಾರು 35 ಮೀಟರ್ ಎತ್ತರ. ಅದು ಮಣ್ಣಿನ ಗುಡ್ಡವಲ್ಲ. ಸ್ಪೇನ್, ಉತ್ತರ ಆಫ್ರಿಕಗಳಿಂದ ಆಲಿವ್ ಎಣ್ಣೆ ತುಂಬಿ ಬಂದ ಮಣ್ಣಿನ ಜಾಡಿಗಳನ್ನು ಒಡೆದು, ಒತ್ತಾಗಿ ಜೋಡಿಸಿ, ನಾತ ಬರದಂತೆ ಸುಣ್ಣ ಎರಚಿ ಮಾಡಿದ ರಾಶಿ. ಬುಡವನ್ನು ಕೊರೆದು ಹೊಟೇಲು ಮಾಡಿಕೊಂಡಿದ್ದಾರೆ, ಕೆಲವು ಕಡೆ ಊಟದ ಕೋಣೆಯ ಗೋಡೆಯ ಗಾಜಿನ ಹಿಂದೆ ಆ ಬೋಕಿ ಚೂರುಗಳ ಪದರ ಪದರವೂ ಕಾಣುತ್ತದೆ. ಹತ್ತಿರದ ಮಾರುಕಟ್ಟೆಯಲ್ಲಿ ಮಧ್ಯಾಹ್ನದ ಊಟ ಮಾಡಬಹುದು.

ಪೆಟ್ಟಿಗೆಗಳನ್ನು ಹೊಟೇಲಿನಲ್ಲೇ ಬಿಟ್ಟಿದ್ದರೆ ಮರಳಿ ಹೋಗಿ, ತೆರ್ಮಿನಿಯಿಂದ ವಿಮಾನ ನಿಲ್ದಾಣದ ನೇರ ರೈಲು ಹಿಡಿಯಿರಿ. 32 ನಿಮಿಷದ ದಾರಿ, ಟಿಕೆಟ್ ತುಸು ದುಬಾರಿ. ಕೈಚೀಲವಷ್ಟೇ ಇದ್ದರೆ ಪಿರಮಿಡ್ಡಿನ ಪಕ್ಕದ ಒಸ್ತಿಯೆನ್ಸೆ ನಿಲ್ದಾಣದಿಂದಲೇ ಸಾಮಾನ್ಯ ರೈಲು ಇದೆ. ಬೆಲೆ ಕಡಿಮೆ, ತಲುಪಲು ಹೆಚ್ಚು ಕಡಿಮೆ ಅರ್ಧ ಗಂಟೆ. ಕಾಗದದ ಟಿಕೆಟ್ ಆದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸುವುದನ್ನು ಮರೆಯಬೇಡಿ, ಇಲ್ಲವಾದರೆ ದಂಡ ಬೀಳುತ್ತದೆ. ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಿ.